ಪಾಸ್‌ಬುಕ್ಕಿಗೆ ಯಾಕ್ರೀ ಸಿಬಿಲ್?

ತೊಗರಿ ರಾಶಿ ಮುಗಿಯುವ ಹೊತ್ತಿಗೆ, ಸಂಕ್ರಾಂತಿಯ ಆಸುಪಾಸಿನಲ್ಲಿ, ಆಳಂದದ ಯಾವ ಬ್ಯಾಂಕಿಗೆ ಕಾಲಿಟ್ಟರೂ ನೋಟ ಒಂದೇ. ಹೊರಗೆ ಕಟ್ಟೆಯ ಮೇಲೆ ಟವೆಲ್ ಹಾಸಿ ಕುಳಿತ ಹಿರಿಯರು. ಒಳಗೆ ಪಾಸ್‌ಬುಕ್ ಮುದ್ರಿಸುವ ಯಂತ್ರದ ಮುಂದೆ ಪಾಳಿ. ಅರ್ಜಿ ತುಂಬಿಕೊಡುವ ಹುಡುಗನ ಸುತ್ತ ಆರೇಳು ಹೆಂಗಸರು. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್, ಎರಡು ಫೋಟೊ.

ಅವರಲ್ಲೊಬ್ಬಾಕೆ ಬಂದಿರುವುದು ಹೊಸ ಖಾತೆ ತೆರೆಯಲು. ಗೃಹಲಕ್ಷ್ಮಿ ರೊಕ್ಕಕ್ಕೆ ತನ್ನದೇ ಒಂದು ಪಾಸ್‌ಬುಕ್ ಇರಲಿ ಎಂಬ ಆಸೆ. ಪಾಳಿಯಲ್ಲಿ ಹಿಂದೆ ನಿಂತ ಪರಿಚಯದವನು ವಿಷಯ ಕೇಳಿ ತಲೆಯಾಡಿಸುತ್ತಾನೆ. “ಯಕ್ಕಾ, ನಿಮ್ಮ ಮನ್ಯಾಗ ಬೆಳೆಸಾಲ ಬಾಕಿ ಅದ. ಅಣ್ಣಾರ ಸಿಬಿಲ್ ಕೆಟ್ಟದ. ನಿಮಗೆಲ್ಲಿ ಖಾತಾ ಕೊಡ್ತಾರ್ರೀ?” ಆಕೆ ಕೌಂಟರಿನತ್ತ ಒಮ್ಮೆ ನೋಡುತ್ತಾಳೆ. ಚೀಲ ಮಡಚಿ ಸೆರಗಿನೊಳಗೆ ಇಟ್ಟುಕೊಂಡು ಬಸ್ ನಿಲ್ದಾಣದ ಕಡೆ ನಡೆದುಬಿಡುತ್ತಾಳೆ. ಬ್ಯಾಂಕಿನವರು ಆಕೆಗೆ ಇಲ್ಲ ಎಂದಿಲ್ಲ. ಆಕೆ ಕೇಳಲೇ ಇಲ್ಲ.

ಇಂಥ ಮಾತು ಅಫಜಲಪುರದಲ್ಲೂ ಉಂಟು, ಜೇವರ್ಗಿಯಲ್ಲೂ ಉಂಟು. ಸಿಬಿಲ್ ಎಂಬ ಹೆಸರು ಈಗ ಹೊಲದ ಬದುವಿನವರೆಗೂ ತಲುಪಿದೆ. ಹೆಸರು ಎಲ್ಲರಿಗೂ ಗೊತ್ತು, ಅದರ ಕೆಲಸ ಅರ್ಧಮರ್ಧ ಗೊತ್ತು. ಆ ಅರ್ಧ ತಿಳಿವಳಿಕೆಯೇ ಎಷ್ಟೋ ಜನರನ್ನು ಬ್ಯಾಂಕಿನ ಬಾಗಿಲಿಂದ ಹಿಂದಕ್ಕೆ ಕಳಿಸುತ್ತಿದೆ. ಆದ್ದರಿಂದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಉಳಿತಾಯ ಖಾತೆ ತೆರೆಯಲು ಸಿಬಿಲ್ ಅಂಕ ಇಷ್ಟಿರಬೇಕು ಎಂಬ ನಿಯಮ ನಮ್ಮ ದೇಶದಲ್ಲಿ ಇಲ್ಲ. ಸಾಲ ಬಾಕಿ ಇದ್ದವರೂ ಖಾತೆ ತೆರೆಯಬಹುದು. ಅವರ ಹೆಂಡತಿ, ಮಕ್ಕಳು ಖಂಡಿತ ತೆರೆಯಬಹುದು.

ಹಾಗಾದರೆ ಸಿಬಿಲ್ ಯಾತಕ್ಕೆ? ಖಾತೆ ತೆರೆಯಲು ಹೋದಾಗ ನಿಜವಾಗಿ ಅಡ್ಡ ಬರುವುದು ಯಾವುದು?

ಸಾಹುಕಾರನ ವಹಿಯಿಂದ ಕಂಪ್ಯೂಟರಿಗೆ

ಸಾಲಗಾರನ ಲೆಕ್ಕ ಬರೆದಿಡುವುದು ಹೊಸದೇನಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಸಾಹುಕಾರನ ವಹಿಯಲ್ಲಿತ್ತು. ಯಾರು ಬಿತ್ತನೆಗೆ ಎಷ್ಟು ಒಯ್ದರು, ಸುಗ್ಗಿಯಲ್ಲಿ ಎಷ್ಟು ತಂದು ಕೊಟ್ಟರು, ಯಾರ ಮಾತಿಗೆ ಎಷ್ಟು ಬೆಲೆ ಎಂಬುದೆಲ್ಲ ಆತನ ವಹಿಯಲ್ಲೂ ತಲೆಯಲ್ಲೂ ಇರುತ್ತಿತ್ತು. ಆದರೆ ಆ ವಹಿ ಊರು ದಾಟುತ್ತಿರಲಿಲ್ಲ. ಮಾದನಹಿಪ್ಪರಗಿಯ ಸಾಹುಕಾರ ಬರೆದದ್ದು ಗಾಣಗಾಪುರದ ಸಾಹುಕಾರನಿಗೆ ಗೊತ್ತಾಗುತ್ತಿರಲಿಲ್ಲ.

ಈ ಭಾಗಕ್ಕೆ ಬ್ಯಾಂಕು ಬಂದದ್ದು ನಿಜಾಮರ ಕಾಲದ ನೆರಳಿನಲ್ಲಿ. 1941ರ ಕಾಯ್ದೆಯಿಂದ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. ಹಿರಿಯರ ಬಾಯಲ್ಲಿ ಇಂದಿಗೂ ಅದು ಎಸ್‌ಬಿಎಚ್. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಹಳ್ಳಿಗಳಲ್ಲಿ ಬೇರು ಬಿಟ್ಟಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಸೇರಿತು. ಫಲಕ ಬದಲಾದ ಹಾಗೆ ಖಾತೆ ಸಂಖ್ಯೆ, ಶಾಖೆಯ ಸಂಕೇತ, ಸಾಲದ ಲೆಕ್ಕ ಎಲ್ಲವೂ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿದವು. ಹೀಗೆ ಹರಿಯುವಾಗ ಎಲ್ಲಿಯಾದರೂ ತಪ್ಪು ನುಸುಳಿರಬಹುದು. ಅದಕ್ಕೇ ಹಳೆಯ ಪಾಸ್‌ಬುಕ್ಕನ್ನು ಯಾರೂ ಎಸೆಯಬಾರದು.

ವಹಿ ಊರು ದಾಟಿದ್ದು ಇತ್ತೀಚೆಗೆ. ಸಿಬಿಲ್ ಸ್ಥಾಪನೆಯಾದದ್ದು 2000ದಲ್ಲಿ. ಸಾಲದ ಮಾಹಿತಿ ಕಲೆಹಾಕುವ ಕಂಪನಿಗಳಿಗೆಂದೇ ಸಂಸತ್ತು ಕಾಯ್ದೆ ಮಾಡಿದ್ದು 2005ರಲ್ಲಿ. ಈಗ ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಇಂಥ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಮೊದಲು ಬಂದದ್ದು ಸಿಬಿಲ್ ಆದ್ದರಿಂದ ನಾಲ್ಕಕ್ಕೂ ಜನ ಅದೇ ಹೆಸರು ಇಟ್ಟುಬಿಟ್ಟಿದ್ದಾರೆ. ಸಂಘದ ಸಾಲ ಕೊಡುವ ಮೈಕ್ರೊಫೈನಾನ್ಸ್ ಕಂಪನಿಗಳೂ ಈ ಸಂಸ್ಥೆಗಳಿಗೆ ಲೆಕ್ಕ ಒಪ್ಪಿಸುತ್ತವೆ. ಹದಿನೈದು ದಿನಕ್ಕೊಮ್ಮೆಯಾದರೂ ಹೊಸ ಲೆಕ್ಕ ಕಳಿಸಬೇಕು ಎಂಬ ರಿಸರ್ವ್ ಬ್ಯಾಂಕಿನ ಆಜ್ಞೆ 2025ರ ಜನವರಿಯಲ್ಲಿ ಜಾರಿಗೆ ಬಂತು.

ವರದಿಯ ಒಂದು ಪುಟ

ಆ ವರದಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮೇಲೆ ಹೆಸರು, ಹುಟ್ಟಿದ ದಿನ, ಪ್ಯಾನ್, ವಿಳಾಸಗಳು, ಫೋನ್ ನಂಬರುಗಳು. ಅದರ ಕೆಳಗೆ 300ರಿಂದ 900ರ ನಡುವಿನ ಒಂದು ಅಂಕ. ಆಮೇಲೆ ಒಂದೊಂದು ಸಾಲಕ್ಕೂ ಒಂದೊಂದು ಪೆಟ್ಟಿಗೆ: ಯಾವ ಬ್ಯಾಂಕು, ಎಷ್ಟು ಸಾಲ, ಎಷ್ಟು ಬಾಕಿ.

ಪ್ರತಿ ಪೆಟ್ಟಿಗೆಯ ಅಡಿಯಲ್ಲಿ ಸಣ್ಣ ಸಣ್ಣ ಮನೆಗಳ ಸಾಲು ಇರುತ್ತದೆ, ಚೌಕಾಬಾರ ಆಡಲು ಗೆರೆ ಕೊರೆದ ಹಾಗೆ. ಒಂದು ಮನೆ ಎಂದರೆ ಒಂದು ತಿಂಗಳು. ಕಂತು ಸರಿಯಾಗಿ ತುಂಬಿದ ತಿಂಗಳಲ್ಲಿ 000. ಮೂವತ್ತು ದಿನ ತಡವಾದರೆ 030. ತೊಂಬತ್ತು ದಿನವಾದರೆ 090. ಸಾಮಾನ್ಯ ಸಾಲ ತೊಂಬತ್ತು ದಿನ ದಾಟಿದರೆ ಬ್ಯಾಂಕು ಅದನ್ನು ಕೆಟ್ಟ ಸಾಲದ ಪಟ್ಟಿಗೆ ಹಾಕುತ್ತದೆ. ಬೆಳೆಸಾಲಕ್ಕೆ ಲೆಕ್ಕ ಬೇರೆ. ತೊಗರಿಯಂಥ ಅಲ್ಪಾವಧಿ ಬೆಳೆಯಾದರೆ ಬಾಕಿ ಎರಡು ಹಂಗಾಮು ದಾಟಬೇಕು. ಇದು ರೈತನಿಗಿರುವ ಸವಲತ್ತು. ಎಷ್ಟೋ ರೈತರಿಗೆ ಈ ಸವಲತ್ತು ಇರುವುದೇ ಗೊತ್ತಿಲ್ಲ.

ಕೊನೆಗೆ ಒಂದೆರಡು ಪದಗಳ ಷರಾ. ಸಾಲ ಪೂರ್ತಿ ಮುಟ್ಟಿದ್ದರೆ ಅದು ಮುಕ್ತಾಯವಾಗಿದೆ ಎಂದಿರುತ್ತದೆ. ಓಟಿಎಸ್ ಮಾಡಿಸಿಕೊಂಡು, ಅಂದರೆ ಬ್ಯಾಂಕಿನೊಂದಿಗೆ ಮಾತಾಡಿ ಬಡ್ಡಿಯನ್ನೋ ಅಸಲಿನ ಒಂದು ಪಾಲನ್ನೋ ಬಿಡಿಸಿಕೊಂಡು ತೀರಿಸಿದ್ದರೆ, ‘ಸೆಟಲ್ಡ್’ ಎಂದು ಬರುತ್ತದೆ. ತೀರಿಸಿದವನ ಮನಸ್ಸಿನಲ್ಲಿ ಋಣ ಹರಿದಿರುತ್ತದೆ. ಮುಂದಿನ ಬ್ಯಾಂಕು ಮಾತ್ರ ಆ ಪದ ನೋಡಿ ಹುಬ್ಬು ಗಂಟಿಕ್ಕುತ್ತದೆ. ಬೇರೆಯವರ ಸಾಲಕ್ಕೆ ಜಾಮೀನು ನಿಂತದ್ದೂ ಈ ವರದಿಯಲ್ಲಿ ಬರುತ್ತದೆ. “ಒಂದು ಸಹಿ ಹಾಕು ಮಾರಾಯಾ” ಎಂದ ಗೆಳೆಯನ ಮಾತಿಗೆ ಕಟ್ಟುಬಿದ್ದವರು ಇದನ್ನು ನೆನಪಿಡಬೇಕು.

ಆ ಪುಟದಲ್ಲಿ ಇಲ್ಲದ್ದನ್ನೂ ಗಮನಿಸಿ. ನಿಮ್ಮ ಉಳಿತಾಯ ಖಾತೆಯಲ್ಲಿ ಎಷ್ಟು ರೊಕ್ಕವಿದೆ, ಎಷ್ಟು ಸಲ ತೆಗೆದಿರಿ, ಬ್ಯಾಲೆನ್ಸ್ ಶೂನ್ಯವಾಯಿತೇ ಎಂಬ ಯಾವ ಲೆಕ್ಕವೂ ಅಲ್ಲಿಲ್ಲ. ಅದು ಸಾಲದ ಪುಸ್ತಕ. ಠೇವಣಿ, ಉಳಿತಾಯದ ಪುಸ್ತಕ ಬೇರೆ. ನಮ್ಮ ಪಾಳಿಯಲ್ಲಿ ನಿಂತ ಮಹಾಶಯ ಕಲಸಿಹಾಕಿದ್ದು ಈ ಎರಡನ್ನು.

ಮಳೆಯ ಲೆಕ್ಕ ಅದರಲ್ಲಿಲ್ಲ

ಈ ವರದಿಯ ದೊಡ್ಡ ಕೊರತೆಯನ್ನು ಹೇಳದೆ ಮುಂದೆ ಹೋಗಲಾರೆ. ಅದಕ್ಕೆ ದಿನ ಎಣಿಸಲು ಬರುತ್ತದೆ, ಕಾರಣ ಕೇಳಲು ಬರುವುದಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಹಳ್ಳಿಗಳಿಗೆ ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಆಯಿತು. ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ನಿಂತ ಬೆಳೆಯನ್ನು ಕೊಳೆಯಿಸಿತು. 2022ರ ಹಂಗಾಮಿನಲ್ಲಿ ನೆಟೆ ರೋಗ ಬಂದು, ಹೂವು ಕಾಯಿ ಹೊತ್ತ ತೊಗರಿ ನಿಂತಲ್ಲೇ ಒಣಗಿತು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಹೆಮ್ಮೆ ಸಿಕ್ಕಿದೆ ನಿಜ. ಆ ಹೆಮ್ಮೆಯಿಂದ ಕಂತು ತುಂಬಲಾಗದು. ಕಬ್ಬು ಕಳಿಸಿದವರ ಬಿಲ್ಲು ಹದಿನಾಲ್ಕು ದಿನದಲ್ಲಿ ಬರಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಬಿಲ್ಲು ತಡವಾದಾಗಲೆಲ್ಲ ಸಾಲದ ಕಂತೂ ತಡವಾಗುತ್ತದೆ. ಆ ತಿಂಗಳ ಮನೆಯಲ್ಲಿ ಬೀಳುವುದು ಮಾತ್ರ ಬರೀ 060.

ಇದಕ್ಕೊಂದು ಪರಿಹಾರವಿದೆ. ನೈಸರ್ಗಿಕ ವಿಕೋಪದಲ್ಲಿ ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಾದಾಗ ಸಾಲದ ಅವಧಿ ಬದಲಿಸಿ ಕೊಡಲು ರಿಸರ್ವ್ ಬ್ಯಾಂಕಿನ ನಿರ್ದೇಶನ ಅವಕಾಶ ಕೊಡುತ್ತದೆ. ಹಾಗೆ ಮಾಡಿಸಿಕೊಂಡ ಸಾಲ ಸುಸ್ತಿ ಸಾಲವಾಗಿ ಉಳಿಯುವುದಿಲ್ಲ. ಆದರೆ ಹೊಳೆ ಇಳಿದ ಮೇಲೆ ಬ್ಯಾಂಕಿಗೆ ಹೋಗಿ ಕೇಳಬೇಕು. ಮನೆಯಲ್ಲಿ ಕುಳಿತರೆ ಮನೆಗಳು ತುಂಬುತ್ತ ಹೋಗುತ್ತವೆ.

ಆಳಂದದ ಗಡಿಯಾಚೆ, ಅಕ್ಕಲಕೋಟೆ ಉಮರ್ಗಾದ ಕಡೆಯ ರೈತರದೂ ಇದೇ ಗೋಳು. 2025ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ದೇವೇಂದ್ರ ಫಡಣವೀಸ್, ಬೆಳೆಸಾಲಕ್ಕೆ ಸಿಬಿಲ್ ಕೇಳುವ ಬ್ಯಾಂಕುಗಳ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ಎಚ್ಚರಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಲೋಕಸಭೆಗೆ ಎರಡು ಸಂಗತಿ ತಿಳಿಸಿದರು: ಸಾಲಕ್ಕೆ ಇಂತಿಷ್ಟು ಅಂಕ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲೂ ಹೇಳಿಲ್ಲ, ಮೊದಲ ಸಲ ಸಾಲ ಕೇಳುವವರನ್ನು ಹಳೆಯ ಸಾಲದ ಇತಿಹಾಸ ಇಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು. ಸಾಲಕ್ಕೇ ಹೀಗೆಂದ ಮೇಲೆ ಖಾತೆಯ ಮಾತೆಲ್ಲಿ?

ಖಾತೆಗೂ ಕರಿಪಟ್ಟಿ ಇರುವ ನಾಡು

ಹಾಗಂತ ಪಾಳಿಯಲ್ಲಿ ನಿಂತವನ ಭಯ ಪೂರ್ತಿ ಹುಚ್ಚು ಭಯವೂ ಅಲ್ಲ. ಖಾತೆ ತೆರೆಯುವವರ ಜಾತಕ ನೋಡುವ ಸಂಸ್ಥೆಗಳು ಅಮೆರಿಕದಲ್ಲಿವೆ. ಚೆಕ್ಸ್‌ಸಿಸ್ಟಮ್ಸ್ ಅವುಗಳಲ್ಲಿ ಹೆಸರಾದದ್ದು. ಅರ್ಲಿ ವಾರ್ನಿಂಗ್ ಸರ್ವಿಸಸ್ ಇನ್ನೊಂದು. ಅಲ್ಲಿ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣ ತೆಗೆದು ತುಂಬದೆ ಬಿಟ್ಟರೆ, ಕೊಟ್ಟ ಚೆಕ್ ವಾಪಸಾಗಿ ಬಾಕಿ ಉಳಿದರೆ ಬ್ಯಾಂಕು ಆ ಖಾತೆ ಮುಚ್ಚಿ ಈ ಸಂಸ್ಥೆಗೆ ವರದಿ ಮಾಡುತ್ತದೆ. ವರದಿ ಸಾಮಾನ್ಯವಾಗಿ ಐದು ವರ್ಷ ಉಳಿಯುತ್ತದೆ. ಅಷ್ಟು ಕಾಲ ಇನ್ನೊಂದು ಬ್ಯಾಂಕಿಗೆ ಹೋದರೂ “ನಿಮಗೆ ಖಾತೆ ಇಲ್ಲ” ಎಂಬ ಉತ್ತರ ಬರಬಹುದು.

ನಮ್ಮ ಕಲಬುರಗಿ ಕಡೆಯಿಂದ ಓದಲು, ದುಡಿಯಲು ಅಲ್ಲಿಗೆ ಹೋಗುವ ಮಕ್ಕಳು ಇದನ್ನು ತಿಳಿದಿರುವುದು ಒಳ್ಳೆಯದು. ಊರಿಗೆ ಮರಳುವಾಗ ಅಲ್ಲಿನ ಖಾತೆಯನ್ನು ಹಾಗೇ ಬಿಟ್ಟು ಬಂದರೆ, ತಿಂಗಳ ಶುಲ್ಕ ಬಿದ್ದು ಬಿದ್ದು ಅದು ಬಾಕಿಯಾಗಬಹುದು. ಮುಂದೆ ಮತ್ತೆ ಹೋದಾಗ ಆ ಬಾಕಿ ಎದುರು ನಿಲ್ಲುತ್ತದೆ. ವರ್ಷಕ್ಕೊಮ್ಮೆ ತಮ್ಮ ವರದಿಯನ್ನು ಉಚಿತವಾಗಿ ತರಿಸಿ ನೋಡುವ ಹಕ್ಕು, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ಅಲ್ಲಿನ ಕಾನೂನಿನಲ್ಲಿದೆ. ಅಷ್ಟಿದ್ದೂ 2023ರ ಸರ್ಕಾರಿ ಸಮೀಕ್ಷೆಯಂತೆ ಆ ಶ್ರೀಮಂತ ದೇಶದ ಶೇ 4.2ರಷ್ಟು ಕುಟುಂಬಗಳಿಗೆ, ಅಂದರೆ ಸುಮಾರು 56 ಲಕ್ಷ ಮನೆಗಳಿಗೆ, ಬ್ಯಾಂಕ್ ಖಾತೆಯೇ ಇರಲಿಲ್ಲ.

ನಮ್ಮಲ್ಲಿ ಆ ದಾರಿ ಹಿಡಿಯಲಿಲ್ಲ. 2012ರಲ್ಲಿ ರಿಸರ್ವ್ ಬ್ಯಾಂಕ್, ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲದ ಮೂಲ ಉಳಿತಾಯ ಖಾತೆ ಎಲ್ಲರಿಗೂ ಸಿಗಬೇಕಾದ ಸಾಮಾನ್ಯ ಸೇವೆ ಎಂದಿತು. 2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾಗಿ ಅದು ಮನೆ ಮನೆಗೆ ಬಂತು. ಜನ ಅದನ್ನು ಝೀರೋ ಬ್ಯಾಲೆನ್ಸ್ ಖಾತೆ ಎನ್ನುತ್ತಾರೆ. ಉಳಿದ ಉಳಿತಾಯ ಖಾತೆಗಳಲ್ಲಿ ಕನಿಷ್ಠ ಮೊತ್ತ ಇಲ್ಲದಿದ್ದಾಗ ದಂಡ ಹಾಕಬಹುದಾದರೂ, ಆ ದಂಡದಿಂದ ಖಾತೆ ಶೂನ್ಯಕ್ಕಿಂತ ಕೆಳಗೆ ಇಳಿಯಬಾರದು. ಇದು 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಮೆರಿಕದವರನ್ನು ಕರಿಪಟ್ಟಿಗೆ ದೂಡುವ ಬಾಕಿಯ ಒಂದು ಬೇರನ್ನು ಇಲ್ಲಿ ಹೀಗೆ ಕತ್ತರಿಸಲಾಗಿದೆ. ಬಡವರ ಪರವಾಗಿ ಆದ ಸಣ್ಣ ಆದರೆ ಗಟ್ಟಿ ಕೆಲಸ ಇದು ಎಂದು ನನ್ನ ನಂಬಿಕೆ.

ಇಲ್ಲಿ ಎಡವುವುದು ಕಾಗದದಲ್ಲಿ

ನಮ್ಮಲ್ಲಿ ಖಾತೆಗೆ ಅಡ್ಡ ಬರುವುದು ಕೆವೈಸಿ. ನೀವು ಯಾರು, ಎಲ್ಲಿಯವರು ಎಂಬುದಕ್ಕೆ ಪುರಾವೆ. ಆಧಾರ್, ಮತದಾರರ ಚೀಟಿ, ವಾಹನ ಪರವಾನಗಿ, ಪಾಸ್‌ಪೋರ್ಟ್, ಉದ್ಯೋಗ ಖಾತರಿಯ ಜಾಬ್ ಕಾರ್ಡ್ ಇವೆಲ್ಲ ನಡೆಯುತ್ತವೆ. ಪ್ಯಾನ್ ಇಲ್ಲದವರು ಫಾರ್ಮ್ 60 ತುಂಬಿ ಕೊಡಬಹುದು.

ಹೇಳುವಾಗ ಸುಲಭ. ಪಾಳಿಯಲ್ಲಿ ನಿಂತಾಗ ತಿಳಿಯುತ್ತದೆ ತೊಡಕು. ಆಧಾರಿನಲ್ಲಿ ‘ಶರಣಮ್ಮ’, ರೇಷನ್ ಕಾರ್ಡಿನಲ್ಲಿ ‘ಶರಣವ್ವ’. ಒಂದರಲ್ಲಿ ತವರಿನ ಹೆಸರು, ಇನ್ನೊಂದರಲ್ಲಿ ಗಂಡನ ಮನೆಯ ಹೆಸರು. ಹುಟ್ಟಿದ ದಿನದ ಜಾಗದಲ್ಲಿ ಬರೀ ಜನವರಿ 1. ಕಸ ಗುಡಿಸಿ, ಕಳೆ ಕಿತ್ತು, ಹತ್ತಿ ಬಿಡಿಸಿ ಸವೆದ ಬೆರಳಿನ ಗೆರೆ ಯಂತ್ರಕ್ಕೆ ಕಾಣುವುದಿಲ್ಲ. ಮೂರು ಸಲ ಹೆಬ್ಬೆಟ್ಟು ಒತ್ತಿಸಿ “ಬರವಲ್ದು, ನಾಳೆ ಬಾ ಯವ್ವಾ” ಎನ್ನುತ್ತಾರೆ. ನಾಳೆ ಎಂದರೆ ಮತ್ತೊಂದು ದಿನದ ಕೂಲಿ ಹೋಯಿತು.

ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರ ಕಷ್ಟ ಇನ್ನೊಂದು ಬಗೆ. ಖಾತೆ ತೆರೆದಾಗ ಕೊಟ್ಟ ಫೋನ್ ನಂಬರಿಗೆ ರೀಚಾರ್ಜ್ ಇಲ್ಲದೆ ಅದು ಬೇರೆಯವರ ಪಾಲಾಗಿರುತ್ತದೆ. ಬ್ಯಾಂಕು ಕಳಿಸಿದ ಸಂದೇಶ ಯಾರದೋ ಜೇಬಿನಲ್ಲಿ ಟಣ್ ಎನ್ನುತ್ತದೆ. ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಖಾತೆ ನಿಷ್ಕ್ರಿಯ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಆದರೂ ಆ ರೊಕ್ಕದ ಮೇಲಿನ ಹಕ್ಕು ಖಾತೆದಾರನದೇ. ಹೀಗೆ ಮರೆತ ಹಣ ಎಲ್ಲಿದೆ ಎಂದು ಹುಡುಕಲು 2023ರಲ್ಲಿ ಉದ್ಗಮ್ ಎಂಬ ಜಾಲತಾಣ ತೆರೆದಿದ್ದಾರೆ.

2014ರಲ್ಲಿ ತೆರೆದ ಜನಧನ ಖಾತೆಗಳಿಗೆ ಹತ್ತು ವರ್ಷ ತುಂಬಿತು. ಕಡಿಮೆ ಅಪಾಯದ ಖಾತೆಗೂ ಹತ್ತು ವರ್ಷಕ್ಕೊಮ್ಮೆ ಕೆವೈಸಿ ಹೊಸದಾಗಿ ಮಾಡಿಸಬೇಕು ಎಂಬ ನಿಯಮ ಇರುವುದರಿಂದಲೇ ಈಚೆಗೆ ಇಷ್ಟು ಗದ್ದಲ. ಅದಕ್ಕೆಂದು 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಗ್ರಾಮ ಪಂಚಾಯಿತಿಗಳಲ್ಲಿ ಶಿಬಿರ ನಡೆದವು. ಊರಿನ ಬ್ಯಾಂಕ್ ಮಿತ್ರರ ಮೂಲಕವೂ ಮಾಡಿಸಬಹುದು ಎಂದು ನಿಯಮ ಸಡಿಲವಾಗಿದೆ. “ಖಾತೆ ಬಂದ್ ಆಗ್ಯಾದ” ಎಂದು ಬರುವವರಲ್ಲಿ ಎಷ್ಟೋ ಜನರ ತೊಂದರೆ ಇಷ್ಟೇ. ಅವರು ಮಾತ್ರ ಇದನ್ನು ಸಿಬಿಲ್ ತಲೆಗೆ ಕಟ್ಟುತ್ತಾರೆ.

ಯಾವ ಕಾಗದವೂ ಇಲ್ಲದವರಿಗೂ ಒಂದು ಬಾಗಿಲಿದೆ. ಬ್ಯಾಂಕ್ ಅಧಿಕಾರಿಯ ಎದುರು ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಫೋಟೊ ಕೊಟ್ಟು ‘ಸಣ್ಣ ಖಾತೆ’ ತೆರೆಯಬಹುದು. ಅದರಲ್ಲಿ ಒಮ್ಮೆಗೆ 50,000 ರೂಪಾಯಿಗಿಂತ ಹೆಚ್ಚು ಇರುವಂತಿಲ್ಲ. ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಒಂದು ವರ್ಷದೊಳಗೆ ಗುರುತಿನ ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೊಂದು ವರ್ಷ ಮುಂದುವರಿಯುತ್ತದೆ.

ಅರ್ಜಿಯನ್ನು ವಿವೇಚನೆ ಇಲ್ಲದೆ ತಿರಸ್ಕರಿಸಬಾರದು, ತಿರಸ್ಕರಿಸಿದರೆ ಅಧಿಕಾರಿ ಕಾರಣವನ್ನು ದಾಖಲಿಸಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಆಗಸ್ಟಿನಲ್ಲಿ ಕೆವೈಸಿ ನಿಯಮಕ್ಕೆ ಸೇರಿಸಿದೆ. “ಆಗಂಗಿಲ್ಲ ಹೋಗ್ರಿ” ಎಂಬುದು ಕಾರಣವಲ್ಲ.

ಬಾಡಿಗೆಗೆ ಹೋದ ಪಾಸ್‌ಬುಕ್

ಅಮೆರಿಕದ ಕರಿಪಟ್ಟಿಗೆ ಹತ್ತಿರದ್ದು ನಮ್ಮಲ್ಲಿ ಈಗ ಒಂದು ಹುಟ್ಟಿಕೊಂಡಿದೆ. ಅದನ್ನು ಓದುಗರು, ಅದರಲ್ಲೂ ಕಾಲೇಜು ಓದುವ ಮಕ್ಕಳಿರುವ ಮನೆಯವರು, ಗಮನವಿಟ್ಟು ತಿಳಿಯಬೇಕು.

ಆನ್‌ಲೈನ್ ವಂಚಕರಿಗೆ ಕದ್ದ ಹಣ ಹಾಯಿಸಲು ಬೇರೆಯವರ ಖಾತೆ ಬೇಕು. ಕೆಲಸ ಹುಡುಕುತ್ತಿರುವ ಹುಡುಗನನ್ನು ಹಿಡಿಯುತ್ತಾರೆ. “ನಿನ್ನ ಖಾತಾ, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ರೊಕ್ಕ ಕೊಡ್ತೀವಿ, ನಿಂದೇನೂ ಹೋಗಂಗಿಲ್ಲ” ಎನ್ನುತ್ತಾರೆ. ಎಲ್ಲೋ ಒಬ್ಬ ನಿವೃತ್ತ ಶಿಕ್ಷಕನ ಜೀವಮಾನದ ಉಳಿತಾಯ ಈ ಹುಡುಗನ ಖಾತೆಗೆ ಬಂದು ಗಂಟೆಯೊಳಗೆ ಮಾಯವಾಗುತ್ತದೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುತ್ತಾರೆ. ಹಣ ಹರಿದ ಖಾತೆಗಳಿಗೆಲ್ಲ ತಡೆ ಬೀಳುತ್ತದೆ. ವಂಚಕ ಸಿಗದಿರಬಹುದು, ಪಾಸ್‌ಬುಕ್ಕಿನ ಮೇಲೆ ಹೆಸರಿರುವವನು ಸಿಕ್ಕೇ ಸಿಗುತ್ತಾನೆ.

ಇಂಥ ದೂರುಗಳಲ್ಲಿ ಸಿಕ್ಕಿಬಿದ್ದ ಖಾತೆ, ಫೋನ್ ಮುಂತಾದ ಗುರುತುಗಳ ‘ಶಂಕಿತರ ನೋಂದಣಿ’ಯನ್ನು ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2024ರ ಸೆಪ್ಟೆಂಬರ್ 10ರಂದು ಆರಂಭಿಸಿತು. ಬ್ಯಾಂಕುಗಳು ಅದನ್ನು ನೋಡಬಲ್ಲವು. ಬಾಡಿಗೆ ಖಾತೆಗಳನ್ನು ಪತ್ತೆ ಹಚ್ಚಲು ರಿಸರ್ವ್ ಬ್ಯಾಂಕಿನ ಸಂಸ್ಥೆಯೊಂದು ಮ್ಯೂಲ್‌ಹಂಟರ್ ಎಂಬ ತಂತ್ರಾಂಶವನ್ನೂ ಮಾಡಿದೆ. ಶಂಕಿತರ ಪಟ್ಟಿಯಲ್ಲಿ ಹೆಸರು ಸೇರಿದವನಿಗೆ ಬ್ಯಾಂಕುಗಳ ಬಾಗಿಲು ಬಿಗಿಯಾದರೆ ಆಶ್ಚರ್ಯವಿಲ್ಲ.

ನನ್ನ ಆತಂಕ ಇಲ್ಲಿದೆ. ಸಿಬಿಲ್ ವರದಿಯನ್ನು ತರಿಸಿ ನೋಡಬಹುದು, ತಿದ್ದಿಸಬಹುದು, ಅದಕ್ಕೆ ಕಾಯ್ದೆಯ ಬೆಂಬಲವಿದೆ. ಶಂಕಿತರ ಪಟ್ಟಿ ಸಾಮಾನ್ಯರು ತೆರೆದು ನೋಡುವ ಪುಸ್ತಕವಲ್ಲ. ವಂಚನೆ ತಡೆಯಲು ಅದು ಬೇಕೇ ಬೇಕು, ಒಪ್ಪುತ್ತೇನೆ. ಆದರೆ ತಿಳಿಯದೆ ಅದರಲ್ಲಿ ಸೇರಿದವನಿಗೆ ತನ್ನ ಮಾತು ಹೇಳಲು ತಾಲ್ಲೂಕು ಮಟ್ಟದಲ್ಲೇ ಒಂದು ಜಾಗ ಇರಬೇಕು. ಜೇವರ್ಗಿಯ ಕೂಲಿಕಾರ ಇದಕ್ಕಾಗಿ ಇನ್ನೊಂದು ರಾಜ್ಯದ ಪೊಲೀಸ್ ಠಾಣೆಗೆ ಅಲೆಯುವುದು ನ್ಯಾಯವಲ್ಲ.

ಗಂಡನ ಬಾಕಿ, ಹೆಂಡತಿಯ ಖಾತೆ

ಜನರ ಒಳಗಿನ ಭಯ ಇನ್ನೊಂದಿದೆ. ಅದು ಸಿಬಿಲ್‌ನದಲ್ಲ. ಖಾತೆ ತೆರೆದರೆ ಬಂದ ರೊಕ್ಕವನ್ನು ಬ್ಯಾಂಕಿನವರು ಸಾಲಕ್ಕೆ ಹಿಡಿದುಕೊಂಡಾರು ಎಂಬ ಭಯ. ಇದು ಬರೀ ಕಲ್ಪನೆಯೂ ಅಲ್ಲ. ಅದೇ ಬ್ಯಾಂಕಿನಲ್ಲಿ ನಿಮ್ಮ ಸಾಲ ಸುಸ್ತಿಯಾಗಿದ್ದರೆ ನಿಮ್ಮ ಖಾತೆಯ ಹಣಕ್ಕೆ ಹೋಲ್ಡ್ ಹಾಕುವ ಹಕ್ಕನ್ನು ಬ್ಯಾಂಕುಗಳು 1872ರ ಕರಾರು ಕಾಯ್ದೆಯ ಆಧಾರದ ಮೇಲೆ ಚಲಾಯಿಸುತ್ತವೆ. 2024ರಲ್ಲಿ ಬರ ಪರಿಹಾರದ ಹಣ ಸಾಲಕ್ಕೆ ಜಮೆಯಾಗತೊಡಗಿದಾಗ ಹಾಗೆ ಮಾಡಬಾರದೆಂದು ರಾಜ್ಯ ಸರ್ಕಾರ ಬ್ಯಾಂಕುಗಳಿಗೆ ಹೇಳಬೇಕಾಯಿತು.

ಆದರೆ ಗಂಡನ ಸಾಲಕ್ಕೆ ಹೆಂಡತಿಯ ಖಾತೆಯ ಹಣ ಹಿಡಿಯುವಂತಿಲ್ಲ, ಆಕೆ ಆ ಸಾಲದಲ್ಲಿ ಜೊತೆಗಾರ್ತಿಯಾಗಿಯೋ ಜಾಮೀನುದಾರಳಾಗಿಯೋ ಸಹಿ ಹಾಕಿದ್ದ ಹೊರತು. ಗೃಹಲಕ್ಷ್ಮಿಯ 2,000 ರೂಪಾಯಿ ಆಕೆಯದು.

ಇಲ್ಲಿ ಒಂದು ಎಚ್ಚರಿಕೆ ಮಾತ್ರ ಬೇಕು. ಸರ್ಕಾರದ ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಸಂಘದ ಸಾಲ ಕೊಡುವಾಗ ಯಾರೋ ಒಂದು ಹೊಸ ಖಾತೆ ತೆರೆಸಿ ಆಧಾರ್ ಜೋಡಿಸಿದ್ದರೆ ಅಲ್ಲಿಂದ ಮುಂದೆ ರೊಕ್ಕ ಅಲ್ಲಿಗೇ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದವಳು “ಮೂರು ತಿಂಗಳಾತು, ಬಂದಿಲ್ರೀ” ಎನ್ನುತ್ತಲೇ ಇರುತ್ತಾಳೆ. ಬ್ಯಾಂಕಿನಲ್ಲಿ “ನನ್ನ ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತಾಕ್ಕದ ನೋಡ್ರಿ” ಎಂದು ಕೇಳಿದರೆ ಹೇಳುತ್ತಾರೆ.

ದಾಲ್ ಮಿಲ್ಲಿನವರು, ಅಡತಿ ಅಂಗಡಿಯವರಿಗೆ ಬೇರೆ ನಿಯಮವಿದೆ. ಚಾಲ್ತಿ ಖಾತೆ ತೆರೆಯುವಾಗ ಬ್ಯಾಂಕು ನಿಮ್ಮ ಸಾಲದ ಮಾಹಿತಿ ನೋಡಿಯೇ ನೋಡುತ್ತದೆ. ಒಂದು ಬ್ಯಾಂಕಿನಿಂದ ದೊಡ್ಡ ಸಾಲ ಪಡೆದು ಇನ್ನೊಂದರಲ್ಲಿ ವಹಿವಾಟು ನಡೆಸುವುದನ್ನು ತಡೆಯಲು 2020ರ ಆಗಸ್ಟಿನಲ್ಲಿ ಬಂದ ನಿಯಮ ಅದು. ಸಣ್ಣ ಸಾಲಗಾರರಿಗೆ ಆಮೇಲೆ ಸಡಿಲಿಕೆ ಕೊಟ್ಟಿದ್ದಾರೆ.

ತಪ್ಪಿದ್ದರೆ ತಿದ್ದಿಸಿ

ಸಾಲದ ವರದಿಯನ್ನು ವರ್ಷಕ್ಕೊಮ್ಮೆ ಪ್ರತಿ ಸಂಸ್ಥೆಯಿಂದಲೂ ಪೂರ್ತಿಯಾಗಿ, ಉಚಿತವಾಗಿ ಪಡೆಯಬಹುದು. ನಾಲ್ಕು ಸಂಸ್ಥೆ, ನಾಲ್ಕು ವರದಿ. ಇದಕ್ಕೆ ನೂರಾರು ರೂಪಾಯಿ ಕೇಳುವ ಏಜೆಂಟರು ತಾಲ್ಲೂಕು ಕಚೇರಿಗಳ ಸುತ್ತ ಇರುತ್ತಾರೆ. ಕೊಡಬೇಡಿ. ‘ಸಿಬಿಲ್ ಕ್ಲಿಯರ್ ಮಾಡಿಸಿಕೊಡ್ತೀವಿ’ ಎಂಬುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಇದ್ದ ಬಾಕಿಯನ್ನು ಯಾರೂ ಅಳಿಸಲಾರರು, ತಪ್ಪನ್ನು ತಿದ್ದಿಸಲು ನಿಮಗೆ ಯಾರೂ ಬೇಕಿಲ್ಲ.

ತೀರಿಸಿದ ಸಾಲ ಬಾಕಿ ಎಂದು ತೋರಿಸುತ್ತಿದ್ದರೆ, ತೆಗೆಯದ ಸಾಲ ನಿಮ್ಮ ಹೆಸರಿನಲ್ಲಿದ್ದರೆ, ಬೇಬಾಕಿ ಪತ್ರ ಲಗತ್ತಿಸಿ ಬ್ಯಾಂಕಿಗೆ ಮತ್ತು ಆ ಸಂಸ್ಥೆಗೆ ಬರೆದು ಕೊಡಿ. ಸ್ವೀಕೃತಿ ಹಾಕಿಸಿಕೊಳ್ಳಿ. ಅವರಿಗೆ 30 ದಿನ ಗಡುವು. ದಾಟಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. ಇದು 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆಗಲೂ ಕೇಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಶುಲ್ಕವಿಲ್ಲ. ಮಾಹಿತಿಗೆ 14448. ಸಾಲದ ಮಾಹಿತಿ ಸಂಸ್ಥೆಗಳ ಮೇಲಿನ ದೂರನ್ನೂ 2022ರಿಂದ ಅಲ್ಲೇ ತೆಗೆದುಕೊಳ್ಳುತ್ತಾರೆ.

ಸಾಲ ತೀರಿದ ದಿನವೇ ಬೇಬಾಕಿ ಪತ್ರ ಪಡೆಯಿರಿ. ಪಹಣಿಯಲ್ಲಿ ಏರಿದ ಬೋಜಾ ಇಳಿಸಿದ್ದಾರೆಯೇ ನೋಡಿ. ಎರಡು ತಿಂಗಳು ಬಿಟ್ಟು ವರದಿ ತರಿಸಿ ನೋಡಿ.

ಕೊನೆಯದಾಗಿ ಈ ಮೂರು ತಾಲ್ಲೂಕುಗಳ ಶಾಖಾ ವ್ಯವಸ್ಥಾಪಕರಲ್ಲಿ ಒಂದು ವಿನಂತಿ. ನಿಮ್ಮ ಗೋಡೆಯ ಮೇಲೆ ಬಡ್ಡಿ ದರದ ಫಲಕವಿದೆ, ರಜೆಯ ಪಟ್ಟಿಯಿದೆ, ವಿಮೆಯ ಜಾಹೀರಾತಿದೆ. ಅವುಗಳ ಪಕ್ಕದಲ್ಲಿ, ಓದು ಬಾರದವರಿಗೂ ಇನ್ನೊಬ್ಬರು ಓದಿ ಹೇಳುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಒಂದು ಸಾಲು ಬರೆಸಿ: ಉಳಿತಾಯ ಖಾತೆ ತೆರೆಯಲು ಸಿಬಿಲ್ ಬೇಕಿಲ್ಲ.